ಲೈನ್ ಮನೆಗಳಿಂದ ಬಂದವರು ಮತ್ತು ನಮ್ಮ ಸಣ್ಣ ಸಭೆ: ಹಿಂದಿನವರು ಏನು ಮಾಡಿದ್ದರು?

ಕಾಫಿಸೀಮೆಯ ಓದುಗ:

ಕೊಡಗಿನ ಒಂದು ಸಣ್ಣ ಪೇಟೆಯಲ್ಲಿರುವ, ಪ್ರೊಟೆಸ್ಟಂಟ್ ಕ್ರೈಸ್ತರ ಸಿಎಸ್‌ಐ ಸಭೆಗೆ ಸೇರಿದವನು ನಾನು. ಕ್ರಿಸ್ಮಸ್ ಮತ್ತು ಬೆಳೆಹಬ್ಬದ ದಿನಗಳನ್ನು ಬಿಟ್ಟರೆ ನಮ್ಮ ದೇವಾಲಯದ ಬೆಂಚುಗಳು ಎಂದೂ ತುಂಬಿದ್ದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಸುತ್ತಲಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿರುವ, ಜಾರ್ಖಂಡ್ ಮತ್ತು ಅಸ್ಸಾಮಿನಿಂದ ಬಂದ ಕೂಲಿಕಾರರು ಭಾನುವಾರದ ಆರಾಧನೆಗೆ ಬರತೊಡಗಿದ್ದಾರೆ. ಕನ್ನಡ ಅವರಿಗೆ ಅರ್ಥವಾಗುವುದಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತು, ಎದ್ದು ನಿಲ್ಲುವ ಹೊತ್ತಿಗೆ ಎದ್ದು, ಕೂರುವ ಹೊತ್ತಿಗೆ ಕೂತು, ಮುಗಿದೊಡನೆ ಯಾರೊಡನೆಯೂ ಮಾತಿಲ್ಲದೆ ಹೊರಟುಹೋಗುತ್ತಾರೆ. ಅವರಲ್ಲದೆ, ಕುಷ್ಠರೋಗ ವಾಸಿಯಾಗಿದ್ದರೂ ಕೈಬೆರಳುಗಳನ್ನು ಕಳೆದುಕೊಂಡು ಬಸ್ ನಿಲ್ದಾಣದಲ್ಲಿ ಭಿಕ್ಷೆ ಬೇಡಿ ಬದುಕುವ ವೃದ್ಧರೊಬ್ಬರೂ ಬರುತ್ತಾರೆ.

ಬಾಗಿಲಲ್ಲಿ ಇವರನ್ನು ಯಾರೂ ತಡೆದಿಲ್ಲ. ತೊಡಕು ಬಂದಿರುವುದು ಒಳಗೆ. ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಆ ವೃದ್ಧರು ಮುಂದೆ ಬಂದ ದಿನ ಅವರ ನಂತರ ಪಾತ್ರೆಗೆ ಬಾಯಿಡಲು ಕೆಲವರು ಹಿಂಜರಿದರು. ಲೈನ್ ಮನೆಯವರಿಗೆ ಬೇರೆ ವೇಳೆಯಲ್ಲಿ ಬೇರೆ ಆರಾಧನೆ ಏರ್ಪಡಿಸೋಣವೆಂದು ಸಭಾ ಹಿರಿಯರೊಬ್ಬರು ಸೂಚಿಸಿದರು. ಈಚೆಗೆ ಅವರಲ್ಲಿ ಒಬ್ಬರ ಕೂಸು ತೀರಿಕೊಂಡಾಗ, ಸಮಾಧಿ ಭೂಮಿಯಲ್ಲಿ ಸದಸ್ಯರಿಗೆ ಮಾತ್ರ ಸ್ಥಳವೆಂಬ ನಿಯಮವನ್ನು ತೆಗೆದು ಓದಲಾಯಿತು. ಸಭಾಪಾಲಕರು ಒತ್ತಾಯಿಸಿದ ಮೇಲೆ ಬೇಲಿಯ ಅಂಚಿನಲ್ಲಿ ಜಾಗ ಸಿಕ್ಕಿತು.

ಉಪದೇಶಗಳನ್ನು ನಾವು ಸಾಕಷ್ಟು ಕೇಳಿದ್ದೇವೆ. ಇಲ್ಲಿರುವ ತಿಳಿದವರಿಂದ ನನಗೆ ಬೇಕಾಗಿರುವುದು ಬೇರೆ. ನಮ್ಮ ನಾಡಿನ ಸಣ್ಣ ಸಭೆಗಳು, ಎಲ್ಲಿಯೂ ನೆಲೆಯಿಲ್ಲದವರನ್ನು ಹಿಂದೆ ಒಳಗೆ ಕರೆದುಕೊಂಡಾಗ ನಿಜವಾಗಿ ಏನೇನು ಮಾಡಬೇಕಾಯಿತು, ಅದರಲ್ಲಿ ಯಾವುದು ನಿಂತಿತು, ಯಾವುದು ಕೆಟ್ಟಿತು?

ಬಲ್ಮಠದ ನೆರೆಯವಳು:

ನಿಮ್ಮ ಸಭೆಯ ಹಿರಿಯರ ಕುಟುಂಬಗಳು ಯಾವ ಕಾಲದಲ್ಲಿ, ಯಾವ ಸ್ಥಿತಿಯಲ್ಲಿ ಸಭೆಗೆ ಸೇರಿದವು ಎಂಬುದನ್ನು ಹಳೆಯ ದೀಕ್ಷಾಸ್ನಾನದ ದಾಖಲೆಯಲ್ಲಿ ನೋಡಿದರೆ ಅರ್ಧ ಉತ್ತರ ಅಲ್ಲಿಯೇ ಸಿಗಬಹುದು. ಉಳಿದರ್ಧಕ್ಕೆ ಮಂಗಳೂರಿನಿಂದ ಆರಂಭಿಸುತ್ತೇನೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಹೆಬಿಖ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು 1834ರ ಅಕ್ಟೋಬರ್ ಕೊನೆಯಲ್ಲಿ ಮಂಗಳೂರಿಗೆ ಬಂದರು. ಮುಂದಿನ ದಶಕಗಳಲ್ಲಿ ಅವರ ಸಭೆಗಳಿಗೆ ಸೇರಿದವರಲ್ಲಿ ಬಿಲ್ಲವರು ಬಹುಸಂಖ್ಯೆಯಲ್ಲಿದ್ದರು. ತಮಿಳುನಾಡಿನ ಲೈಪ್ಸಿಗ್ ಮಿಷನ್ ಸಭೆಯೊಳಗೆ ಜಾತಿಯ ಆಚರಣೆಯನ್ನು ಒಂದು ಮಟ್ಟಿಗೆ ಸಹಿಸಿಕೊಂಡಿದ್ದರೆ, ಬಾಸೆಲಿನವರು ಅದನ್ನು ಒಪ್ಪಲಿಲ್ಲ. ಜಾತಿಯನ್ನು ಬಿಟ್ಟು, ಎಲ್ಲರೊಡನೆ ಕೂತು ಉಣ್ಣಲು ಸಿದ್ಧನಾದವನೇ ಸಭೆಯವನು ಎಂಬುದು ಅವರ ಪಟ್ಟು. ಕೇಳಲು ಇದು ಉದಾತ್ತವಾಗಿದೆ. ಆದರೆ ಹೀಗೆ ಒಳಗೆ ಬಂದವನು ಅದೇ ದಿನ ಮನೆಯನ್ನೂ, ಬಾವಿಯನ್ನೂ, ಗೇಣಿಯ ಭೂಮಿಯನ್ನೂ, ಹೆಣ ಹೊರುವ ನೆಂಟರನ್ನೂ ಕಳೆದುಕೊಳ್ಳುತ್ತಿದ್ದ. ಶೇಂದಿ ಇಳಿಸುವ ಕಸುಬನ್ನು ಮಿಷನ್ ಒಪ್ಪದಿದ್ದುದರಿಂದ ಬಿಲ್ಲವನ ಪಾಲಿಗೆ ಹೊಟ್ಟೆಪಾಡೂ ಹೋಯಿತು. ಮತ ಬದಲಿಸಿದವರ ಆಸ್ತಿಯ ಹಕ್ಕು ಹೋಗಬಾರದೆಂದು 1850ರಲ್ಲಿ ಸರ್ಕಾರ ಕಾನೂನು ತಂದಿತು, ನಿಜ. ಆದರೆ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವ ಅಳಿಯಸಂತಾನ ಪದ್ಧತಿಯಲ್ಲಿ ಕುಟುಂಬದ ಒಬ್ಬ ಸದಸ್ಯ ತನ್ನ ಪಾಲನ್ನು ಬೇರೆ ಮಾಡಿಕೊಡಿರೆಂದು ಕೇಳುವ ಅವಕಾಶವೇ ಇರಲಿಲ್ಲವಾದ್ದರಿಂದ, ಕಾಗದದ ಮೇಲಿನ ಆ ಹಕ್ಕು ತುಳುನಾಡಿನ ಬಡವನಿಗೆ ಅನ್ನವಾಗಲಿಲ್ಲ.

ಹೀಗಾಗಿ ಸಭೆ ಎಂದರೆ ಆರಾಧನೆಯ ಸ್ಥಳ ಮಾತ್ರವಾಗಿ ಉಳಿಯಲು ಸಾಧ್ಯವಿರಲಿಲ್ಲ. ಬೇಸಾಯವನ್ನು ಪ್ರಯತ್ನಿಸಿದರು, ಅದು ಕೈಹಿಡಿಯಲಿಲ್ಲ. ಮುದ್ರಣಾಲಯ ಕೆಲವರಿಗೆ ಕೆಲಸ ಕೊಟ್ಟಿತು. 1850ರ ದಶಕದ ಆರಂಭದಲ್ಲಿ ಹಾಲರ್ ಅವರ ಮುಂದಾಳತ್ವದಲ್ಲಿ ನೇಯ್ಗೆಯ ಕಾರ್ಖಾನೆ ಬಂತು. ಖಾಕಿ ಬಣ್ಣದ ಬಟ್ಟೆಗೆ ಹೆಸರಾದದ್ದು ಅದೇ. 1865ರಲ್ಲಿ ಪ್ಲೆಬ್ಸ್ಟ್ ಅವರು ಜೆಪ್ಪಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ಮಂಗಳೂರು ಹೆಂಚನ್ನು ನಾವು ಇಂದು ಒಂದು ಉದ್ಯಮದ ಯಶಸ್ಸಾಗಿ ನೆನೆಯುತ್ತೇವೆ. ಅದರ ಹಿಂದೆ ಇದ್ದದ್ದು, ಮನೆಯಿಂದ ಹೊರಹಾಕಲ್ಪಟ್ಟವರಿಗೆ ನಾಳೆಯ ಗಂಜಿ ಎಲ್ಲಿಂದ ಎಂಬ ಪ್ರಶ್ನೆ.

ನಿಮ್ಮ ಕೊಡಗಿನ ಸಂಗತಿ ಇನ್ನೂ ಹತ್ತಿರದ್ದು. ಆಲ್ಮಂಡ ಮನೆತನದ ಸೋಮಯ್ಯನವರು ಕ್ರೈಸ್ತರಾದ ಹಿನ್ನೆಲೆಯಲ್ಲಿ 1853ರಲ್ಲಿ ಜರ್ಮನ್ ಮಿಷನರಿ ಹೆರ್ಮನ್ ಮೋಗ್ಲಿಂಗ್ ಕೊಡಗಿಗೆ ಹೋದರು. ಕೊಡವರಲ್ಲಿ ಸಭೆ ಬೆಳೆಯಲಿಲ್ಲ. ಬಂದವರು ಕೊಡವ ಮನೆತನಗಳಿಗೆ ತಲೆಮಾರುಗಳಿಂದ ಕಟ್ಟುಬಿದ್ದಿದ್ದ ಹೊಲೆಯ ಸಮುದಾಯದ ಆಳುಗಳು. ಗುಲಾಮಗಿರಿಗೆ ಕಾನೂನಿನ ಮಾನ್ಯತೆಯನ್ನು 1843ರಲ್ಲಿಯೇ ತೆಗೆದುಹಾಕಲಾಗಿದ್ದರೂ ಹೊಲದಲ್ಲಿ ಅದು ತೊಲಗಿರಲಿಲ್ಲ. ಅವರಿಗೆ ನೆಲೆ ಒದಗಿಸಲೆಂದು ಅಮ್ಮತ್ತಿಯ ಬಳಿ ಮೋಗ್ಲಿಂಗ್ ಮತ್ತು ಆನಂದರಾಯ ಕೌಂಡಿನ್ಯರ ಪ್ರಯತ್ನದಿಂದ ಆನಂದಪುರ ಎಂಬ ಊರು ಹುಟ್ಟಿತು. ಕೌಂಡಿನ್ಯರ ಹೆಸರನ್ನೇ ಅದಕ್ಕೆ ಇಟ್ಟರು. ಕೊಡಗಿನಲ್ಲಿ ಯುರೋಪಿಯನ್ನರ ಕಾಫಿ ತೋಟಗಳು ಆರಂಭವಾಗುತ್ತಿದ್ದ ಕಾಲವೇ ಅದು. ತೋಟದ ಕೂಲಿಯವನನ್ನು ಸಭೆಗೆ ಸೇರಿಸಬಹುದೇ ಎಂದು ಕೊಡಗಿನ ಒಂದು ಪ್ರೊಟೆಸ್ಟಂಟ್ ಸಭೆ ಇಂದು ಚರ್ಚಿಸುತ್ತಿದೆ ಎಂದರೆ ಆನಂದಪುರದ ಮೊದಲ ತಲೆಮಾರಿಗೆ ಅರ್ಥವಾಗುತ್ತಿರಲಿಲ್ಲವೆಂದೇ ನನ್ನ ಅಭಿಪ್ರಾಯ.

ಹುಬ್ಬಳ್ಳಿಯ ವಕೀಲ:

ಬಲ್ಮಠದ ನೆರೆಯವರು ಕೊಟ್ಟ ವಿವರಗಳಿಗೆ ಕೃತಜ್ಞನಾಗಿದ್ದೇನೆ; ಆದರೆ ಚಿತ್ರ ಸ್ವಲ್ಪ ನುಣುಪಾಗಿದೆ. ನಾನು ದಲಿತ ಕ್ರೈಸ್ತ ಕುಟುಂಬದವನು, ಆದ್ದರಿಂದ ಒಳಗಿನಿಂದ ಎರಡು ಮಾತುಗಳನ್ನು ಹೇಳಬಲ್ಲೆ.

ಮೊದಲನೆಯದು, ಯಾರ ಹೆಸರು ಉಳಿಯಿತು ಎಂಬುದು. 1844ರಲ್ಲಿ ಆನಂದರಾಯ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕ ದೀಕ್ಷಾಸ್ನಾನ ಪಡೆದಾಗ ಮಂಗಳೂರು ಅಲ್ಲಾಡಿತು. ಅವನು ಬಾಸೆಲಿಗೆ ಹೋಗಿ ಓದಿ, ಅಭಿಷಿಕ್ತ ಪಾದ್ರಿಯಾಗಿ ಮರಳಿದ, ಅವನ ಜೀವನದ ಪ್ರತಿಯೊಂದು ತಿರುವೂ ದಾಖಲಾಯಿತು. ಕೌಂಡಿನ್ಯರ ತ್ಯಾಗವನ್ನು ನಾನು ಕಡಿಮೆ ಮಾಡುತ್ತಿಲ್ಲ. ಆದರೆ ಅವರ ಹೆಸರಿನ ಊರಿನಲ್ಲಿ ಕಾಡು ಕಡಿದು, ಗುಡಿಸಲು ಕಟ್ಟಿ, ಹಳೆಯ ಒಡೆಯರ ಕಣ್ಣೆದುರಿನಲ್ಲಿಯೇ ಬೇರೆ ಬದುಕು ಹೂಡಿದ ಕುಟುಂಬಗಳು ಹೆಚ್ಚಿನ ಬರಹಗಳಲ್ಲಿ ಇಷ್ಟು ಮಂದಿ ಎಂಬ ಲೆಕ್ಕವಾಗಿ ಮಾತ್ರ ಉಳಿದಿವೆ. ಸ್ವಾಗತಿಸಿದವನ ಕಥೆ ಸ್ವಾಗತಿಸಲ್ಪಟ್ಟವನ ಕಥೆಯನ್ನು ನುಂಗಿಬಿಡುವುದು ಇಂದಿನ ಸಭೆಗಳಲ್ಲಿಯೂ ನಡೆಯುತ್ತಿದೆ. ಕಂಬಳಿ ಹಂಚಿದ ಛಾಯಾಚಿತ್ರಗಳನ್ನು ನೋಡಿದರೆ ಸಾಕು.

ಎರಡನೆಯದು, ಒಂದೇ ಸಂಸ್ಥೆ ಧಣಿಯೂ ಗುರುವೂ ಆದಾಗ ಆಗುವ ಕೆಡುಕು. ಮಿಷನ್ನಿನ ಕಾರ್ಖಾನೆಯಲ್ಲಿ ಕೂಲಿ, ಮಿಷನ್ನಿನ ಜಾಗದಲ್ಲಿ ಮನೆ, ಮಿಷನ್ನಿನ ಶಾಲೆಯಲ್ಲಿ ಮಕ್ಕಳು, ಮಿಷನ್ನಿನ ಪಾದ್ರಿಯ ಮುಂದೆ ಶಿಸ್ತಿನ ವಿಚಾರಣೆ. ಇಂಥ ಮನುಷ್ಯನಿಗೆ ಸಭೆಯಲ್ಲಿ ಎದ್ದು ನಿಂತು ಇಲ್ಲ ಎನ್ನುವ ಸ್ವಾತಂತ್ರ್ಯ ಎಲ್ಲಿಂದ ಬರಬೇಕು? ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಮಿಷನರಿಗಳನ್ನು ಸರ್ಕಾರ ಹೊರಗೆ ಕಳಿಸಿ, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಕೈಗೆ ಹೋದಾಗ, ಈ ಅವಲಂಬನೆ ಎಷ್ಟು ಆಳವಾಗಿತ್ತೆಂಬುದು ಸಭೆಗಳಿಗೆ ತಿಳಿಯಿತು.

ಇನ್ನು ಹೊರಗಿನ ಕಾನೂನು. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಮಾನ್ಯತೆ ಹಿಂದೂಗಳಿಗೆ ಸೀಮಿತವಾಯಿತು; ಮುಂದೆ 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿದರು, ಕ್ರೈಸ್ತರಿಗೆ ಇಲ್ಲ. ಮದ್ರಾಸಿನಲ್ಲಿ ರಸ್ತೆಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬವರು ಕ್ರೈಸ್ತರೆಂಬ ಕಾರಣಕ್ಕೆ ಸರ್ಕಾರದ ಉಚಿತ ಪೆಟ್ಟಿಗೆ ಅಂಗಡಿಯ ಯೋಜನೆಯಿಂದ ಹೊರಗುಳಿದು ಸುಪ್ರೀಂ ಕೋರ್ಟಿನವರೆಗೆ ಹೋದರು. ಮತಾಂತರದ ನಂತರವೂ ಜಾತಿಯ ಹಿಂದುಳಿಯುವಿಕೆ ಅದೇ ತೀವ್ರತೆಯಲ್ಲಿ ಮುಂದುವರಿಯುತ್ತದೆ ಎಂಬುದಕ್ಕೆ ಸಾಕಷ್ಟು ಆಧಾರ ಒದಗಿಸಿಲ್ಲವೆಂದು 1985ರಲ್ಲಿ ಅವರ ಅರ್ಜಿ ತಿರಸ್ಕೃತವಾಯಿತು. ಸಭೆಯೊಳಗೆ ಬೇರೆ ಬೆಂಚು, ಬೇರೆ ಸಮಾಧಿ ಭೂಮಿ ಇರುವ ಊರುಗಳ ಪಟ್ಟಿಯೇ ಆ ಆಧಾರವಲ್ಲವೇ ಎಂದು ನನಗೆ ಆಗಾಗ ಅನ್ನಿಸಿದೆ. ಆದ್ದರಿಂದ ಕಾಫಿಸೀಮೆಯವರೇ, ಬೇಲಿಯ ಅಂಚಿನ ಆ ಗುಂಡಿ ಸಣ್ಣ ಸಂಗತಿಯಲ್ಲ.

ವಿರಾಜಪೇಟೆಯವಳು:

ನಾನು ಕಥೋಲಿಕಳು, ನಿಮ್ಮ ಸಭೆಯ ಆಡಳಿತದ ಒಳಗುಟ್ಟು ನನಗೆ ತಿಳಿಯದು. ಒಂದು ಸಂಗತಿಯನ್ನು ಮಾತ್ರ ಸೇರಿಸುತ್ತೇನೆ. 1784ರಲ್ಲಿ ಟಿಪ್ಪು ಸುಲ್ತಾನರ ಆಜ್ಞೆಯಂತೆ ಕರಾವಳಿಯ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದರು. ಅಲ್ಲಿಂದ ತಪ್ಪಿಸಿಕೊಂಡ ಕೆಲವರು ಕೊಡಗು ಸೇರಿದಾಗ ಅವರಿಗೆ ನೆಲೆ ಕೊಟ್ಟವರು ಹಾಲೇರಿ ವಂಶದ ದೊಡ್ಡವೀರರಾಜೇಂದ್ರರು. ನಮ್ಮ ಸಂತ ಅನ್ನಮ್ಮನವರ ಇಗರ್ಜಿ 1792ರಲ್ಲಿ ಹೀಗೆ ಆರಂಭವಾಯಿತು. ವೀರಶೈವ ಅರಸನೊಬ್ಬ ಬೇರೆ ಭಾಷೆಯ, ಬೇರೆ ಮತದ, ಕೈಯಲ್ಲಿ ಏನೂ ಇಲ್ಲದ ಜನರಿಗೆ ಭೂಮಿ ಕೊಡುವಾಗ ಸದಸ್ಯತ್ವದ ಚೀಟಿ ಕೇಳಲಿಲ್ಲ. ಕೊಡಗಿನ ಕ್ರೈಸ್ತರು ಯಾವ ಪಂಗಡದವರಾದರೂ ವಲಸೆ ಬಂದವರ ಬಗ್ಗೆ ಮಾತನಾಡುವ ಮೊದಲು ಇದನ್ನು ನೆನೆಯುವುದು ಒಳ್ಳೆಯದು.

ನಿವೃತ್ತ ದಾದಿ:

ಚರ್ಚೆ ಇತಿಹಾಸದ ಕಡೆಗೆ ಹೋಗಿರುವುದರಿಂದ ಆ ವೃದ್ಧರನ್ನು ಎಲ್ಲರೂ ಮರೆತಂತಿದೆ. ನಾನು ಅನೇಕ ವರ್ಷ ಕುಷ್ಠರೋಗಿಗಳ ಆರೈಕೆಯಲ್ಲಿ ಕೆಲಸ ಮಾಡಿದವಳು, ಆದ್ದರಿಂದ ಅವರ ವಿಷಯವನ್ನು ಮಾತ್ರ ಬರೆಯುತ್ತೇನೆ.

ಬಹು ಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಶಿಫಾರಸು ಮಾಡಿದ ಮೇಲೆ ಕುಷ್ಠರೋಗ ಪೂರ್ಣವಾಗಿ ಗುಣವಾಗುವ ಕಾಯಿಲೆಯಾಗಿದೆ. ರೋಗದ ವಿಧವನ್ನು ನೋಡಿ ಆರು ತಿಂಗಳು ಅಥವಾ ಒಂದು ವರ್ಷ ಔಷಧ ಕೊಡುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ಚಿಕಿತ್ಸೆ ಆರಂಭವಾದ ಸ್ವಲ್ಪ ಕಾಲದಲ್ಲಿಯೇ ರೋಗಿಯಿಂದ ಸೋಂಕು ಹರಡುವುದು ನಿಲ್ಲುತ್ತದೆ. ಹಾಗಲ್ಲದಿದ್ದರೂ ಬಹುಪಾಲು ಮನುಷ್ಯರ ದೇಹಕ್ಕೆ ಈ ರೋಗಾಣುವನ್ನು ತಡೆಯುವ ಶಕ್ತಿ ಸಹಜವಾಗಿಯೇ ಇದೆ. ವಾಸಿಯಾದವನ ಮೊಂಡು ಬೆರಳು ಹಳೆಯ ನರಹಾನಿಯ ಗುರುತು, ಸೋಂಕಿನದಲ್ಲ. ಒಂದೇ ಪಾತ್ರೆಯಿಂದ ಕುಡಿಯುವುದು ಯಾರಿಗಾದರೂ ಇಷ್ಟವಿಲ್ಲದಿದ್ದರೆ ರೊಟ್ಟಿಯನ್ನು ದ್ರಾಕ್ಷಾರಸದಲ್ಲಿ ಅದ್ದಿ ಕೊಡುವ ಅಥವಾ ಸಣ್ಣ ಬಟ್ಟಲುಗಳಲ್ಲಿ ಕೊಡುವ ಪದ್ಧತಿ ಅನೇಕ ಸಭೆಗಳಲ್ಲಿದೆ. ಆದರೆ ಅದನ್ನು ತರುವುದಾದರೆ ಎಲ್ಲರಿಗೂ ತರಬೇಕು. ಒಬ್ಬನಿಗಾಗಿ ಬೇರೆ ಬಟ್ಟಲನ್ನು ಇಟ್ಟರೆ ಚಹಾ ಅಂಗಡಿಯ ಬೇರೆ ಲೋಟವನ್ನೇ ದೇವಾಲಯದೊಳಗೆ ತಂದಂತಾಗುತ್ತದೆ.

ಮಂಗಳೂರಿನ ಕಂಕನಾಡಿಯಲ್ಲಿ ಜೆಸ್ವಿತ್ ಪಾದ್ರಿ ಅಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಹೋಮಿಯೋಪಥಿ ಔಷಧಾಲಯವನ್ನೂ 1890ರಲ್ಲಿ ಕುಷ್ಠರೋಗಿಗಳ ಆಶ್ರಯವನ್ನೂ ತೆರೆದಾಗ ಈ ರೋಗಕ್ಕೆ ಖಚಿತ ಔಷಧವೇ ಇರಲಿಲ್ಲ. ಔಷಧವಿಲ್ಲದ ಕಾಲದಲ್ಲಿ ಇದ್ದ ಧೈರ್ಯ ಔಷಧವಿರುವ ಕಾಲದಲ್ಲಿ ಇಲ್ಲವೆಂದರೆ ವಿಚಿತ್ರ. ಕುಷ್ಠರೋಗಿಗಳನ್ನು ಕೂಡಿಹಾಕಲು ಅವಕಾಶ ಕೊಡುತ್ತಿದ್ದ 1898ರ ಕಾಯ್ದೆಯನ್ನು ಸಂಸತ್ತು 2016ರಲ್ಲಿ ರದ್ದುಪಡಿಸಿತು, 2019ರಲ್ಲಿ ವಿಚ್ಛೇದನದ ಕಾರಣಗಳ ಪಟ್ಟಿಯಿಂದಲೂ ಕುಷ್ಠವನ್ನು ತೆಗೆಯಿತು. ಕಾನೂನು ಮುಂದೆ ಹೋಗಿದೆ.

ಒಂದು ಪ್ರಾಯೋಗಿಕ ವಿಷಯ. ನಮ್ಮ ಎಷ್ಟೋ ಸಭೆಗಳಲ್ಲಿ ಚಪ್ಪಲಿಯನ್ನು ಹೊರಗೆ ಬಿಡುವ ವಾಡಿಕೆಯಿದೆ. ಅಂಗಾಲಿನ ಸ್ಪರ್ಶಜ್ಞಾನ ಹೋಗಿರುವ ಮನುಷ್ಯ ಬರಿಗಾಲಿನಲ್ಲಿ ನಡೆದರೆ ಕಲ್ಲು ಚುಚ್ಚಿದ್ದು, ಬಿಸಿಲಿಗೆ ಕಾದ ಮೆಟ್ಟಿಲು ಸುಟ್ಟದ್ದು ಅವನಿಗೆ ತಿಳಿಯುವುದಿಲ್ಲ. ಗಾಯ ಹುಣ್ಣಾಗಿ, ಹುಣ್ಣು ಮೂಳೆಗೆ ಇಳಿದು, ಕೊನೆಗೆ ಕಾಲನ್ನೇ ಕತ್ತರಿಸಬೇಕಾಗುತ್ತದೆ. ಆ ಹಿರಿಯರಿಗೆ ಚಪ್ಪಲಿ ಹಾಕಿಕೊಂಡೇ ಒಳಗೆ ಬರಲು ಹೇಳಿ, ಹಾಗೆ ಬಂದಾಗ ಯಾರೂ ಗದರದಂತೆ ನೋಡಿಕೊಳ್ಳಿ. ಮೆತ್ತನೆಯ ಎಂಸಿಆರ್ ರಬ್ಬರಿನ ಚಪ್ಪಲಿ ಕುಷ್ಠರೋಗ ನಿಯಂತ್ರಣ ಕಾರ್ಯಕ್ರಮದಡಿ ಸಿಗುತ್ತದೆ, ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ.

ಹಳೆಯ ಖಜಾಂಚಿ:

ಎಲ್ಲರ ಬರಹಗಳೂ ಮನಮುಟ್ಟುವಂತಿವೆ. ಆದರೂ ಸಭೆಯ ಲೆಕ್ಕ ಬರೆದ ಅನುಭವದಿಂದ ಸ್ವಲ್ಪ ತಣ್ಣೀರು ಹಾಕಬೇಕಾಗಿದೆ. ಸಣ್ಣ ಸಭೆಯ ವರಮಾನವೆಂದರೆ ಭಾನುವಾರದ ಕಾಣಿಕೆ, ಸದಸ್ಯರ ವಂತಿಗೆ ಮತ್ತು ಬೆಳೆಹಬ್ಬದ ಹರಾಜಿನಲ್ಲಿ ಬಾಳೆಗೊನೆಗೂ ಹುಂಜಕ್ಕೂ ಸಿಗುವ ದುಡ್ಡು. ಅದರಿಂದ ಧರ್ಮಪ್ರಾಂತ್ಯದ ಪಾಲು, ಕರೆಂಟು ಬಿಲ್ಲು, ಸೋರುವ ಹೆಂಚು ಎಲ್ಲವೂ ನಡೆಯಬೇಕು. ಹೆಂಚಿನ ಕಾರ್ಖಾನೆ ಕಟ್ಟಲು ನಮಗೆ ಯುರೋಪಿನಿಂದ ಹಣ ಬರುವುದಿಲ್ಲ.

ಇದಲ್ಲದೆ, ಮತಾಂತರಕ್ಕೆ ಸಂಬಂಧಿಸಿದ 2022ರ ಕರ್ನಾಟಕದ ಕಾಯ್ದೆಯಲ್ಲಿ ಆಮಿಷ ಎಂಬುದಕ್ಕೆ ಬಹಳ ವಿಶಾಲವಾದ ವಿವರಣೆಯಿದೆ. ಉಡುಗೊರೆ, ಕೆಲಸ, ಉಚಿತ ಶಿಕ್ಷಣ ಎಲ್ಲವೂ ಅದರೊಳಗೆ ಬರಬಹುದು. ಅದನ್ನು ಹಿಂಪಡೆಯಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿದ್ದರೂ ಎಚ್ಚರ ಬೇಕು. ನೀವು ಒಬ್ಬ ಕೂಲಿಯವನಿಗೆ ಅಕ್ಕಿ ಕೊಟ್ಟದ್ದನ್ನು ಯಾರಾದರೂ ಬೇರೆ ರೀತಿಯಲ್ಲಿ ಬರೆದುಕೊಟ್ಟರೆ ಠಾಣೆಗೆ ಅಲೆಯುವವರು ಸಭಾಪಾಲಕರು. ಆದ್ದರಿಂದ ಬಡವರ ನಿಧಿಗೆ ಬೇರೆ ಪುಸ್ತಕವಿರಲಿ. ಕೊಟ್ಟದ್ದು ಏಕೆ, ಯಾರ ತೀರ್ಮಾನದಿಂದ ಎಂಬುದು ಅದರಲ್ಲಿರಲಿ. ಯಾವ ಮತದವರಿಗಾದರೂ ಕೊಡಲಾಗುತ್ತದೆಂಬುದು ಆ ಪುಸ್ತಕದಿಂದಲೇ ತಿಳಿಯುವಂತಿರಲಿ.

ಹಣವಿಲ್ಲದೆ ಮಾಡಬಹುದಾದ ಕೆಲಸಗಳೂ ಇವೆ. ವಲಸೆ ಬಂದವರು ತಮ್ಮ ಊರಿನ ಪಡಿತರ ಚೀಟಿಯ ಮೇಲೆ ಇಲ್ಲಿಯೂ ಆಹಾರ ಭದ್ರತಾ ಕಾಯ್ದೆಯ ಧಾನ್ಯ ಪಡೆಯಬಹುದು. ಅಸಂಘಟಿತ ಕಾರ್ಮಿಕರ ಇ-ಶ್ರಮ್ ನೋಂದಣಿಯನ್ನೂ ಮಾಡಿಸಿಕೊಳ್ಳಬಹುದು. ನ್ಯಾಯಬೆಲೆ ಅಂಗಡಿಯವರೊಡನೆ ಕನ್ನಡದಲ್ಲಿ ಮಾತನಾಡಬಲ್ಲ ಒಬ್ಬ ಯುವಕ ಜೊತೆಗೆ ಹೋದರೆ ಸಾಕಾಗುತ್ತದೆ.

ಹುಬ್ಬಳ್ಳಿಯ ವಕೀಲ:

ಖಜಾಂಚಿಯವರ ಎಚ್ಚರಿಕೆ ಸರಿಯಾಗಿದೆ. ಆ ಕೊನೆಯ ಸಲಹೆ ನನ್ನ ಆಕ್ಷೇಪಕ್ಕೂ ಉತ್ತರವಾಗಿದೆ, ಏಕೆಂದರೆ ಸಭೆ ಕೊಟ್ಟ ಅಕ್ಕಿಗೆ ತಲೆತಗ್ಗಿಸಬೇಕು, ಹಕ್ಕಿನಿಂದ ಬಂದ ಅಕ್ಕಿಗೆ ಬೇಕಿಲ್ಲ.

ಕಾಫಿಸೀಮೆಯ ಓದುಗ:

ಎಲ್ಲರಿಗೂ ವಂದನೆಗಳು. ಬಲ್ಮಠದ ಅಕ್ಕನವರ ಸೂಚನೆಯಂತೆ ದಾಖಲೆಯ ಪುಸ್ತಕ ನೋಡಲು ಸಭಾಪಾಲಕರನ್ನು ಕೇಳಿದ್ದೇನೆ. ಅಷ್ಟರಲ್ಲಿ ಇನ್ನೊಂದು ವಿಷಯ ತಿಳಿಯಿತು. ಹಿಂದಿ ಬಲ್ಲ ನಮ್ಮ ಹುಡುಗಿಯೊಬ್ಬಳು ಹಿಂದಿನ ಬೆಂಚಿನವರೊಡನೆ ಕೂತು ಮಾತನಾಡಿದಳು. ನಾವು ಅವರನ್ನು ಹೊಸದಾಗಿ ಬಂದವರೆಂದು ಭಾವಿಸಿದ್ದೆವು. ಅವರಲ್ಲಿ ಹಲವರು ಉರಾಂವ್ ಮತ್ತು ಮುಂಡಾ ಆದಿವಾಸಿಗಳು, ಗಾಸ್ನರ್ ಲೂಥರನ್ ಸಭೆಯವರು. ಆ ಸಭೆಯನ್ನು ಕಟ್ಟಿದ ಜರ್ಮನ್ ಮಿಷನ್ ರಾಂಚಿಗೆ ಬಂದದ್ದು 1845ರಲ್ಲಿ, 1850ರಲ್ಲಿ ನಾಲ್ವರು ಉರಾಂವರು ಮೊದಲಿಗೆ ದೀಕ್ಷಾಸ್ನಾನ ಪಡೆದರು. ಎಂದರೆ, ಮೋಗ್ಲಿಂಗ್ ಕೊಡಗಿಗೆ ಕಾಲಿಡುವ ಮೊದಲೇ ಅವರಲ್ಲಿ ಸಭೆಯಿತ್ತು. ಅವರ ಪಾಲಿಗೆ ನಾವೇ ಕಿರಿಯರು. ಇದನ್ನು ಕೇಳಿದ ನಮ್ಮ ಹಿರಿಯರ ಮುಖಭಾವವನ್ನು ಇಲ್ಲಿ ವರ್ಣಿಸುವುದಿಲ್ಲ.

ಆದರೆ ಬೇರೆ ಆರಾಧನೆಯ ಸಲಹೆ ಈಗ ಹೊಸ ರೂಪದಲ್ಲಿ ಬಂದಿದೆ. ಭಾಷೆ ಬೇರೆಯಾದ್ದರಿಂದ ಅವರಿಗೆ ಹಿಂದಿಯಲ್ಲಿ ಪ್ರತ್ಯೇಕವಾಗಿ ಮಾಡುವುದೇ ಅವರ ಮೇಲಿನ ಪ್ರೀತಿ ಎನ್ನುತ್ತಿದ್ದಾರೆ. ಇದಕ್ಕೆ ಏನು ಹೇಳಬೇಕು?

ಬಲ್ಮಠದ ನೆರೆಯವಳು:

ಅವರನ್ನೇ ಕೇಳಬೇಕು. ಮಾತೃಭಾಷೆಯಲ್ಲಿ ಪ್ರಾರ್ಥಿಸುವ ಆಸೆ ಅವರಿಗಿದ್ದರೆ ವಾರದ ನಡುವೆ ಲೈನ್ ಮನೆಗಳಲ್ಲಿಯೇ, ಅವರ ಸೀಮೆಯ ಆಡುಮಾತಾದ ಸಾದ್ರಿಯ ಅಥವಾ ಹಿಂದಿಯ ಪ್ರಾರ್ಥನಾ ಕೂಟ ನಡೆಯಲಿ, ನಡೆಸುವವರು ಅವರೇ ಆಗಲಿ. ಭಾನುವಾರದ ಮೇಜು ಮಾತ್ರ ಒಂದೇ ಇರಬೇಕು. ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲು ಬಂದು ಉಂಡು, ದುಡಿದು ತಡವಾಗಿ ಬಂದವರು ಹಸಿದಿರುವುದನ್ನು ಪೌಲನು ಖಂಡಿಸಿದ ಭಾಗವನ್ನು ಕರ್ತನ ಭೋಜನದ ಹೊತ್ತಿನಲ್ಲಿ ನಾವು ಅರ್ಧಕ್ಕೆ ಓದಿ ನಿಲ್ಲಿಸುತ್ತೇವೆ. ಆ ಅಧ್ಯಾಯವನ್ನು ಪೂರ್ಣವಾಗಿ ಓದಿಸಿ. ಅಂದಿನ ಪಾಠಗಳಲ್ಲಿ ಒಂದನ್ನು ಅವರಲ್ಲಿ ಒಬ್ಬರು ಹಿಂದಿಯಲ್ಲಿ ಓದಲಿ. ನಮ್ಮವರಿಗೆ ಐದು ನಿಮಿಷ ಅರ್ಥವಾಗದಿದ್ದರೆ ತೊಂದರೆಯಿಲ್ಲ, ಅವರು ಪ್ರತಿ ವಾರ ಒಂದೂವರೆ ಗಂಟೆ ಹಾಗೆ ಕೂರುತ್ತಿದ್ದಾರೆ.

ವೇಳೆಯನ್ನೂ ಗಮನಿಸಿ. ತೋಟಗಳಲ್ಲಿ ಬಟವಾಡೆ ಯಾವ ದಿನ, ಸಂತೆ ಯಾವ ದಿನ? ಭಾನುವಾರ ಬೆಳಿಗ್ಗೆ ಸಂತೆಗೆ ಹೋಗಲೇಬೇಕಾದ ಹೆಂಗಸರು ಆರಾಧನೆಯನ್ನು ಬಿಡುತ್ತಿದ್ದರೆ, ಕಾಫಿ ಕೊಯ್ಲಿನ ತಿಂಗಳುಗಳಲ್ಲಾದರೂ ಇಡೀ ಸಭೆ ಸಂಜೆಗೆ ಸೇರಬಹುದು.

ಹಳೆಯ ಖಜಾಂಚಿ:

ಸಮಾಧಿ ಭೂಮಿಯ ವಿಷಯದಲ್ಲಿ ನಿಯಮದೊಳಗೇ ಒಂದು ದಾರಿಯಿದೆ. ಅವರು ತಮ್ಮ ಊರಿನ ಸಭೆಯಿಂದ ಸದಸ್ಯತ್ವದ ವರ್ಗಾವಣೆ ಪತ್ರ ತರಿಸಿಕೊಂಡರೆ ನಿಮ್ಮ ಪಟ್ಟಿಗೆ ಸೇರಬಹುದು, ಆಗ ಯಾರೂ ಆಕ್ಷೇಪಿಸಲಾರರು. ವಂತಿಗೆಯನ್ನು ಅವರ ಶಕ್ತಿಗೆ ತಕ್ಕಂತೆ ಇಳಿಸಲು ಸಭಾ ಮಂಡಳಿಯಲ್ಲಿ ನಿರ್ಣಯ ಮಾಡಿ.

ಹುಬ್ಬಳ್ಳಿಯ ವಕೀಲ:

ವರ್ಗಾವಣೆ ಪತ್ರ ಇಲ್ಲಿಯೇ ನಿಲ್ಲುವವರಿಗೆ ಸರಿ, ಮತದಾನಕ್ಕೂ ಸಭಾ ಮಂಡಳಿಯ ಸ್ಥಾನಕ್ಕೂ ಅದು ಬೇಕೇ ಬೇಕು; ಅವರಲ್ಲಿ ಒಬ್ಬರು ಆ ಮಂಡಳಿಯಲ್ಲಿ ಕೂರುವವರೆಗೆ ನಾವು ಬರೆದದ್ದೆಲ್ಲವೂ ಅವರ ಬಗ್ಗೆ ಬರೆದದ್ದೇ ಹೊರತು ಅವರೊಡನೆ ಆಡಿದ್ದಲ್ಲ. ಆದರೆ ಕೊಯ್ಲಿಗೆ ಬಂದು ಮೂರು ತಿಂಗಳಲ್ಲಿ ಮರಳುವವರು ಪತ್ರ ತರಿಸುವುದಿಲ್ಲ, ಸಾವು ಅದಕ್ಕಾಗಿ ಕಾಯುವುದೂ ಇಲ್ಲ. ಆದ್ದರಿಂದ ನಿರ್ಣಯದ ಕರಡಿನಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಬರೆಯಿರಿ. ಸದಸ್ಯತ್ವಕ್ಕೆ ಪತ್ರ. ಸಮಾಧಿಗೆ, ಪೇಟೆಯ ಸುತ್ತಮುತ್ತ ತೀರಿಕೊಂಡು ಕುಟುಂಬದವರು ಕ್ರೈಸ್ತ ವಿಧಿಯನ್ನು ಕೇಳುವ ಯಾರಿಗಾದರೂ ಸಾಲಿನಲ್ಲಿ ಮುಂದಿನ ಜಾಗ, ಶುಲ್ಕ ಬಡವರ ನಿಧಿಯಿಂದ. ಸಾಲಿನಲ್ಲಿ ಎಂಬ ಮಾತನ್ನು ಬಿಡಬೇಡಿ, ಬಿಟ್ಟರೆ ಮತ್ತೆ ಬೇಲಿಯ ಅಂಚಿಗೇ ಹೋಗುತ್ತದೆ.

ಕಾಫಿಸೀಮೆಯ ಓದುಗ:

ಮುಂದಿನ ತಿಂಗಳ ಸಭಾ ಮಂಡಳಿಗೆ ಈ ಎರಡು ನಿರ್ಣಯಗಳನ್ನು ಇದೇ ಮಾತುಗಳಲ್ಲಿ ಇಡುತ್ತೇನೆ. ದಾದಿಯವರ ಚಪ್ಪಲಿಯ ಸೂಚನೆಗೆ ನಿರ್ಣಯ ಬೇಕಿಲ್ಲವೆಂದು ಸಭಾಪಾಲಕರು ಹೇಳಿ, ಕಳೆದ ಭಾನುವಾರ ತಾವೇ ಚಪ್ಪಲಿ ಹಾಕಿಕೊಂಡು ಒಳಗೆ ಬಂದರು. ಹಿಂದಿಯ ಪಾಠ ಓದಲು ಲೈನ್ ಮನೆಯ ಹೆಣ್ಣುಮಗಳೊಬ್ಬಳು ಒಪ್ಪಿದ್ದಾಳೆ. ಯಾವ ಭಾಗವೆಂದು ಅವಳೇ ಆರಿಸುತ್ತಾಳೆ.